ಕೊರಿಯನ್‌ನಲ್ಲಿ ತಿಂಗಳುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯನ್ ಕಲಿಯೋಕೆ ಕೂತವರು ಎರಡನೇ ವಾರಕ್ಕೇ ತಿಂಗಳುಗಳ ಹತ್ತಿರ ಬಂದು ನಿಲ್ಲುತ್ತಾರೆ. ಪಾಠ ಸುಲಭ, ಆದರೆ ಕೇಳಿಸಿಕೊಳ್ಳುವಾಗ ಮಾತ್ರ ಒಂದೂ ಹಿಡಿಸುವುದಿಲ್ಲ. ನನ್ನನ್ನು ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಹಾಕಿದ್ದೇನೆ.

ಉಚ್ಚಾರಣೆ ಬಗ್ಗೆ ಮೊದಲೇ ಎರಡು ಮಾತು. ಕನ್ನಡ ಲಿಪಿಯಲ್ಲಿ ಬರೆದದ್ದು ಹತ್ತಿರದ ಅಂದಾಜು ಅಷ್ಟೆ. ‘ಫ’ ಅಂತ ಬರೆದ ಕಡೆ ಅದನ್ನು ಹಲ್ಲು-ತುಟಿ ಸೇರಿಸಿ ಫ್ಯಾನ್ ಅನ್ನುವ ಹಾಗೆ ಹೇಳಬೇಡಿ. ನಮ್ಮ ಫಲ, ಫಣಿಯ ಮಹಾಪ್ರಾಣ ಅದು. ‘ವೊಲ್’ನ ‘ಒ’ ನಮ್ಮ ‘ಒ’ಗೂ ‘ಅ’ಗೂ ನಡುವಿನ ಸ್ವರ, ತುಟಿಯನ್ನು ಜಾಸ್ತಿ ದುಂಡಗೆ ಮಾಡಬೇಡಿ.

## ಶುರುವಿನಲ್ಲಿ

ಹನ್ನೆರಡು ತಿಂಗಳ ಹೆಸರು ಬಾಯಿಪಾಠ ಮಾಡ್ಲೇಬೇಕಾ?

ಹೆಸರುಗಳೇ ಇಲ್ಲ, ಏನಂತ ಬಾಯಿಪಾಠ ಮಾಡುತ್ತೀರಿ? ಕೊರಿಯನ್ನರು ಜನವರಿಯನ್ನು ‘ಒಂದು-ತಿಂಗಳು’, ಫೆಬ್ರವರಿಯನ್ನು ‘ಎರಡು-ತಿಂಗಳು’ ಅಂತಲೇ ಕರೆಯುತ್ತಾರೆ. ನಮ್ಮಲ್ಲೂ ಮಾತಿಗೆ ‘ಮದುವೆ ಐದನೇ ತಿಂಗಳಲ್ಲಿ’ ಅಂದುಬಿಡುತ್ತೇವಲ್ಲ, ಅವರಿಗೆ ಅದೇ ಅಧಿಕೃತ ಹೆಸರು. ಅಂಕಿ ಹೇಳಿ ಹಿಂದೆ ‘ವೊಲ್’ ಅಂಟಿಸಿದರೆ ಮುಗಿಯಿತು. ಬೇಕಾಗಿರುವುದು ಒಂದರಿಂದ ಹತ್ತರವರೆಗಿನ ಅಂಕಿ:

ಇಲ್, ಇ, ಸಾಮ್, ಸಾ, ಓ, ಯುಕ್, ಛಿಲ್, ಫಾಲ್, ಗು, ಶಿಪ್.

ಹನ್ನೊಂದಕ್ಕೆ ಬೇರೆ ಪದವಿಲ್ಲ, ಹತ್ತು-ಒಂದು ಅನ್ನುತ್ತಾರೆ. ಹನ್ನೆರಡು ಅಂದರೆ ಹತ್ತು-ಎರಡು. ಇಡೀ ವರ್ಷ ಈ ಹತ್ತು ಪದಗಳಲ್ಲಿ ಮುಗಿಯುತ್ತದೆ.

ಸರಿ, ಹನ್ನೆರಡನ್ನೂ ಒಂದೇ ಕಡೆ ಬರೆದುಕೊಡಿ

ತಗೊಳ್ಳಿ. ಪುಸ್ತಕದಲ್ಲಿ ಇರುವ ಹಾಗಲ್ಲ, ಬಾಯಿಂದ ಹೊರಡುವ ಹಾಗೆ ಬರೆದಿದ್ದೇನೆ.

ಜನವರಿ – ಇರ್ವೊಲ್
ಫೆಬ್ರವರಿ – ಇವೊಲ್
ಮಾರ್ಚ್ – ಸಾಮ್ವೊಲ್
ಏಪ್ರಿಲ್ – ಸಾವೊಲ್
ಮೇ – ಓವೊಲ್
ಜೂನ್ – ಯುವೊಲ್
ಜುಲೈ – ಛಿರ್ವೊಲ್
ಆಗಸ್ಟ್ – ಫಾರ್ವೊಲ್
ಸೆಪ್ಟೆಂಬರ್ – ಗುವೊಲ್
ಅಕ್ಟೋಬರ್ – ಶಿವೊಲ್
ನವೆಂಬರ್ – ಶಿಬಿರ್ವೊಲ್
ಡಿಸೆಂಬರ್ – ಶಿಬಿವೊಲ್

ಗುವೊಲ್‌ನ ‘ಗು’ ಮಾತಿನ ಮೊದಲಿಗೆ ಬಂದಾಗ ‘ಕು’ ಅಂದ ಹಾಗೂ ಕೇಳಿಸುತ್ತದೆ. ನಿಮ್ಮ ಕಿವಿಯ ತಪ್ಪಲ್ಲ.

ಈ ‘ವೊಲ್’ ಅಂದ್ರೇನು?

ತಿಂಗಳು. ಚೀನಾ ಮೂಲದ ಪದ. ಚೀನೀ ಬರಹದಲ್ಲಿ ಅದರ ಅಕ್ಷರ ಶುರುವಿನಲ್ಲಿ ಚಂದ್ರನ ಚಿತ್ರವೇ ಆಗಿತ್ತು. ಕೊರಿಯನ್ನರ ಸ್ವಂತ ಪದ ‘ದಾಲ್’. ಅದಕ್ಕೂ ಎರಡು ಅರ್ಥ: ಆಕಾಶದ ಚಂದ್ರ, ಕ್ಯಾಲೆಂಡರಿನ ತಿಂಗಳು. ಕನ್ನಡದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೇ ಇಲ್ಲ, ಯಾಕೆಂದರೆ ನಮ್ಮ ‘ತಿಂಗಳು’ ಕೂಡ ಹಾಗೇ. ಬಾಡಿಗೆ ಕಟ್ಟುವುದೂ ತಿಂಗಳಿಗೆ, ಅಂಗಳದಲ್ಲಿ ಬೀಳುವುದೂ ತಿಂಗಳ ಬೆಳಕು. ಇಂಗ್ಲಿಷ್ ಪುಸ್ತಕದಿಂದ ಕೊರಿಯನ್ ಕಲಿಯುವವರು ಇಲ್ಲಿ ಒಂದು ಟಿಪ್ಪಣಿ ಓದಬೇಕಾಗುತ್ತದೆ, ನಾವು ಓದಬೇಕಿಲ್ಲ.

ದಾಲ್ ಅಂದಾಗ ಬೇಳೆ ನೆನಪಾದರೆ ಆಗಲಿ ಬಿಡಿ, ಮರೆಯುವುದಿಲ್ಲ.

ಕೊರಿಯನ್‌ನಲ್ಲಿ ಎರಡು ಥರ ಅಂಕಿ ಇದೆ ಅಂತಾರೆ. ತಿಂಗಳಿಗೆ ಯಾವುದು?

ಹೌದು, ಎರಡಿವೆ. ಹಾನಾ, ದುಲ್, ಸೇತ್ ಅನ್ನುವುದು ಅವರ ಸ್ವಂತ ಅಂಕಿಗಳು. ಇಲ್, ಇ, ಸಾಮ್ ಚೀನಾ ಕಡೆಯಿಂದ ಬಂದವು. ತಿಂಗಳಿಗೆ ಯಾವಾಗಲೂ ಎರಡನೆಯದು. ಕಾರಣ ಸರಳ: ‘ವೊಲ್’ ಹೊರಗಿಂದ ಬಂದ ಪದ, ಹೊರಗಿನ ಅಂಕಿಯ ಜೊತೆಗೇ ಕೂಡುತ್ತದೆ. ನಾವು ‘ಮೂರು ತಿಂಗಳು’ ಅನ್ನುತ್ತೇವೆ, ‘ತ್ರೈಮಾಸಿಕ’ ಅನ್ನುತ್ತೇವೆ, ಆದರೆ ‘ತ್ರಿ ತಿಂಗಳು’ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಕನ್ನಡಕ್ಕೆ ಸಂಸ್ಕೃತ ಹೇಗೋ ಕೊರಿಯನ್‌ಗೆ ಚೀನೀ ಹಾಗೆ. ಈ ಒಂದು ಹೋಲಿಕೆ ಇಟ್ಟುಕೊಂಡರೆ ಅಂಕಿಗಳ ಅರ್ಧ ಗೊಂದಲ ಕರಗುತ್ತದೆ.

ಅಕ್ಟೋಬರ್, ನವೆಂಬರ್, ಡಿಸೆಂಬರ್ ಮೂರೂ ಕಲಸಿ ಹೋಗುತ್ತೆ. ಏನಾದ್ರೂ ಉಪಾಯ?

ಕನ್ನಡಿಗರಿಗೆ ಮಾತ್ರ ಸಿಗುವ ಉಪಾಯ ಇದೆ. ಅಕ್ಟೋಬರ್ ಶಿವ, ನವೆಂಬರ್ ಶಿಬಿರ, ಡಿಸೆಂಬರ್ ಶಿಬಿ. ಶಿವೊಲ್, ಶಿಬಿರ್ವೊಲ್, ಶಿಬಿವೊಲ್. ಶಿವರಾತ್ರಿ ಅಕ್ಟೋಬರಿನಲ್ಲಿ ಬರುವುದಿಲ್ಲವಲ್ಲ ಅಂತ ಒಬ್ಬರು ತಕರಾರು ತೆಗೆದರು. ತಕರಾರು ತೆಗೆದ ಮೇಲೆ ಅವರಿಗೆ ಅದು ಮರೆತೇ ಇಲ್ಲ.

ಹಳಗನ್ನಡ ಓದಿದವರಿಗೆ ಇನ್ನೊಂದು ಬೋನಸ್. ಅಲ್ಲಿ ‘ವೊಲ್’ ಅಂದರೆ ‘ಹಾಗೆ’. ಚಂದ್ರನವೊಲ್ ಅಂದರೆ ಚಂದ್ರನ ಹಾಗೆ. ಎರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ, ನೆನಪಿಗೆ ಒಂದು ಗೂಟ ಅಷ್ಟೆ.

## ಕಿವಿ ಮತ್ತು ಬಾಯಿ

ಪುಸ್ತಕದಲ್ಲಿ ‘ಇಲ್-ವೊಲ್’ ಅಂತಿದೆ, ಡ್ರಾಮಾದಲ್ಲಿ ‘ಇರ್ವೊಲ್’ ಅಂತ ಕೇಳಿಸುತ್ತೆ. ಯಾವುದು ಸರಿ?

ಎರಡೂ ಸರಿ. ಬರೆಯುವುದು ಒಂದು, ಬಾಯಲ್ಲಿ ಬರುವುದು ಇನ್ನೊಂದು. ಹಂಗುಲ್ ಲಿಪಿಯಲ್ಲಿ ಒಂದು ಚಿಕ್ಕ ವೃತ್ತ ಇದೆ, ನಮ್ಮ ಸೊನ್ನೆ ಇದ್ದ ಹಾಗೆ. ಅಕ್ಷರದ ಮೊದಲಲ್ಲಿ ಅದು ಬಂದರೆ ಸದ್ದಿಲ್ಲ, ಖಾಲಿ ಕುರ್ಚಿ. ಕೊನೆಯಲ್ಲಿ ಬಂದರೆ ‘ಙ’. ‘ವೊಲ್’ ಶುರುವಾಗುವುದೇ ಆ ಖಾಲಿ ಕುರ್ಚಿಯಿಂದ. ಹಿಂದಿನ ಅಕ್ಷರ ವ್ಯಂಜನದಲ್ಲಿ ಮುಗಿದಿದ್ದರೆ ಆ ವ್ಯಂಜನ ಎದ್ದು ಬಂದು ಈ ಕುರ್ಚಿಯಲ್ಲಿ ಕೂರುತ್ತದೆ. ‘ಕಾಲ್’ ಮತ್ತು ‘ಇಡು’ ಸೇರಿ ‘ಕಾಲಿಡು’ ಆಗುವಾಗ ನಾವು ಮಾಡುವುದೂ ಇದನ್ನೇ.

ಒಂದೇ ವ್ಯತ್ಯಾಸ. ಕೊರಿಯನ್‌ನಲ್ಲಿ ‘ಲ’ ಹೀಗೆ ಎರಡು ಸ್ವರಗಳ ನಡುವೆ ಸಿಕ್ಕಿಕೊಂಡಾಗ ‘ರ’ ಆಗುತ್ತದೆ. ಇಲ್ ಇದ್ದದ್ದು ಇರ್ವೊಲ್, ಛಿಲ್ ಇದ್ದದ್ದು ಛಿರ್ವೊಲ್, ಫಾಲ್ ಇದ್ದದ್ದು ಫಾರ್ವೊಲ್. ‘ಇಲ್… ವೊಲ್’ ಅಂತ ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ, ಆದರೆ ಯಾರೋ ರೈಲ್ವೆ ಅನೌನ್ಸ್‌ಮೆಂಟ್ ಮಾಡಿದ ಹಾಗಿರುತ್ತದೆ.

ಹತ್ತು ‘ಶಿಪ್’ ಅಂತಾದ್ರೆ ನವೆಂಬರ್‌ನಲ್ಲಿ ‘ಬ’ ಎಲ್ಲಿಂದ ಬಂತು?

ಹೈಸ್ಕೂಲಿನ ಆದೇಶ ಸಂಧಿ ನೆನಪಿದೆಯಾ? ಕಣ್ ಮತ್ತು ಪನಿ ಸೇರಿ ಕಂಬನಿ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಪ ಹೋಗಿ ಬ, ಕ ಹೋಗಿ ಗ. ನಮ್ಮ ಸಂಧಿಯ ಕಟ್ಟಳೆ ಬೇರೆ, ಆದರೆ ಬಾಯಿ ಮಾಡುವ ಕೆಲಸ ಒಂದೇ: ಎರಡು ಸ್ವರಗಳ ನಡುವೆ ಗಟ್ಟಿ ವ್ಯಂಜನ ಮೆತ್ತಗಾಗುತ್ತದೆ. ಶಿಪ್ ಮತ್ತು ಇಲ್ ಸೇರಿ ಶಿಬಿಲ್, ಅದಕ್ಕೆ ವೊಲ್ ಸೇರಿ ಶಿಬಿರ್ವೊಲ್. ಒಂದೇ ಪದದಲ್ಲಿ ಪ ಬ ಆಯಿತು, ಲ ರ ಆಯಿತು. ಹನ್ನೆರಡರಲ್ಲಿ ಇದೇ ಕಷ್ಟದ್ದು. ಇದು ಬಾಯಿಗೆ ಕೂತರೆ ಉಳಿದದ್ದೆಲ್ಲ ಹೂ ಎತ್ತಿದಷ್ಟು ಸಲೀಸು.

ಜೂನ್ ‘ಯುಕ್‌ವೊಲ್’ ಆಗ್ಬೇಕಿತ್ತಲ್ಲ, ಅಕ್ಟೋಬರ್ ‘ಶಿಪ್‌ವೊಲ್’ ಆಗ್ಬೇಕಿತ್ತಲ್ಲ?

ಆಗಬೇಕಿತ್ತು, ಆಗಲಿಲ್ಲ. ಇಡೀ ಪಟ್ಟಿಯಲ್ಲಿ ನಿಯಮ ಮುರಿಯುವುದು ಈ ಎರಡೇ. ಯುಕ್ ತನ್ನ ‘ಕ್’ ಕಳೆದುಕೊಂಡು ಯುವೊಲ್ ಆಗುತ್ತದೆ, ಶಿಪ್ ತನ್ನ ‘ಪ್’ ಕಳೆದುಕೊಂಡು ಶಿವೊಲ್ ಆಗುತ್ತದೆ. ಬಾಯಿಗೆ ಸಲೀಸಾಗಲಿ ಅಂತ ಜನ ಸವೆಸಿದ ಉಚ್ಚಾರಣೆ, ಆಮೇಲೆ ಬರಹಕ್ಕೂ ಇಳಿಯಿತು. ಕೊರಿಯನ್ ಕಾಗುಣಿತದ ಅಧಿಕೃತ ನಿಯಮಗಳಲ್ಲಿ 52ನೆಯದು ಇಂಥ ಪದಗಳಿಗೇ ಮೀಸಲು. ಮೂಲ ಉಚ್ಚಾರಣೆ ಬೇರೆ, ರೂಢಿಯ ಉಚ್ಚಾರಣೆ ಬೇರೆ ಇದ್ದರೆ, ಹೇಗೆ ಹೇಳುತ್ತಾರೋ ಹಾಗೆಯೇ ಬರೆಯಿರಿ ಅನ್ನುತ್ತದೆ ಅದು.

ಅದೇ ನಿಯಮದ ಕೆಳಗೆ ಬೌದ್ಧರ ಪದಗಳೂ ಸಿಗುತ್ತವೆ. ಸತ್ತವರ ಲೆಕ್ಕ ನೋಡುವ ಹತ್ತು ಯಮರಾಜರು ‘ಶಿವಾಙ್’, ಶಿಪ್‌ವಾಙ್ ಅಲ್ಲ. ಬುದ್ಧ ಹುಟ್ಟಿದ ಎಂಟನೇ ತಿಥಿ ‘ಛೋಫಾಇಲ್’, ಅಲ್ಲಿ ಫಾಲ್‌ನ ‘ಲ್’ ಬಿದ್ದುಹೋಗಿದೆ.

ಮೋಸ ಎಲ್ಲಿ ಅಂದರೆ, ಕ್ಯಾಲೆಂಡರಿನಲ್ಲಿ 6, 10 ಅಂತ ಅಂಕಿಯನ್ನೇ ಹಾಕಿರುತ್ತಾರೆ. ಕಣ್ಣಿಗೆ ಅಪವಾದ ಕಾಣುವುದೇ ಇಲ್ಲ. ಓದಿ ಹೇಳಿ ಅಂದಾಗಲೇ ಸಿಕ್ಕಿಬೀಳುವುದು.

ಹಾಗಾದ್ರೆ ಆರನೇ ತಾರೀಕು, ಹತ್ತನೇ ತಾರೀಕು ಕೂಡ ಹೀಗೇನಾ?

ಅಲ್ಲ. ತಾರೀಕಿಗೆ ‘ಇಲ್’ ಸೇರಿಸುತ್ತೇವೆ, ಅಲ್ಲಿ ಯಾವ ವ್ಯಂಜನವೂ ಕಳೆದುಹೋಗುವುದಿಲ್ಲ. ಆರು ‘ಯುಗಿಲ್’, ಹತ್ತು ‘ಶಿಬಿಲ್’. ಹಾಗಾಗಿ ಜೂನ್ 6 ಅಂದರೆ ಯುವೊಲ್ ಯುಗಿಲ್. ಅಕ್ಟೋಬರ್ 10 ಅಂದರೆ ಶಿವೊಲ್ ಶಿಬಿಲ್. ಒಂದೇ ಅಂಕಿ, ಪಕ್ಕಪಕ್ಕದಲ್ಲೇ ಎರಡು ವೇಷ. ನನಗಂತೂ ಈ ಎರಡು ದಿನಾಂಕಗಳೇ ಅಭ್ಯಾಸಕ್ಕೆ ಎಲ್ಲಕ್ಕಿಂತ ಒಳ್ಳೆಯವು ಅನಿಸುತ್ತದೆ.

ಜನವರಿ, ಫೆಬ್ರವರಿ ಎರಡೂ ಒಂದೇ ಥರ ಕೇಳಿಸುತ್ತಪ್ಪಾ!

ಇರ್ವೊಲ್, ಇವೊಲ್. ಒಂದು ‘ರ್’ ಮಾತ್ರ ಅಡ್ಡ. ನಾಲಿಗೆ ಮೇಲೆ ತಾಗಿತಾ ಇಲ್ಲವಾ ಅನ್ನುವುದನ್ನು ಕೇಳಬೇಕು. ತಾಗಿದರೆ ಜನವರಿ. ಸಾಮ್ವೊಲ್, ಸಾವೊಲ್‌ಗೂ ಇದೇ ಪರೀಕ್ಷೆ, ತುಟಿ ಮುಚ್ಚಿತಾ ನೋಡಿ. ಅನುಮಾನ ಬಂದರೆ ನಾಚಿಕೆ ಬಿಟ್ಟು ಬೆರಳು ತೋರಿಸಿ ಕೇಳಿ, ಏನೂ ತಪ್ಪಿಲ್ಲ.

## ದಿನಾಂಕ ಹೇಳುವುದು

ಪೂರ್ತಿ ದಿನಾಂಕ ಹೇಗೆ ಹೇಳೋದು?

ದೊಡ್ಡದರಿಂದ ಚಿಕ್ಕದಕ್ಕೆ. ವರ್ಷ, ತಿಂಗಳು, ದಿನ. ವರ್ಷಕ್ಕೆ ‘ನ್ಯೊನ್’, ತಿಂಗಳಿಗೆ ‘ವೊಲ್’, ದಿನಕ್ಕೆ ‘ಇಲ್’. 2024ರ ಛುಸೊಕ್ ಹಬ್ಬ ಸೆಪ್ಟೆಂಬರ್ 17ಕ್ಕೆ ಬಂದಿತ್ತು. ಅದನ್ನು ‘ಇಛೊನ್ ಇಶಿಪ್‌ಸಾ-ನ್ಯೊನ್ ಗುವೊಲ್ ಶಿಪ್‌ಛಿರಿಲ್’ ಅನ್ನಬೇಕು. ಎರಡು ಸಾವಿರದ ಇಪ್ಪತ್ತನಾಲ್ಕು ಅಂತ ಪೂರ್ತಿ ಹೇಳುತ್ತಾರೆ. ಇಂಗ್ಲಿಷಿನ ಹಾಗೆ ಇಪ್ಪತ್ತು-ಇಪ್ಪತ್ತನಾಲ್ಕು ಅಂತ ಮುರಿಯುವುದಿಲ್ಲ.

ಬರೆಯುವಾಗ ಚುಕ್ಕಿ ಹಾಕುತ್ತಾರೆ: 2024. 9. 17. ಇದೇ ಕ್ರಮ ಆಮದಾದ ರಾಮ್ಯೊನ್ ಪ್ಯಾಕೆಟ್ ಮೇಲೂ ಇರುತ್ತದೆ, ನಮ್ಮವರು ಎಡವುವುದು ಅಲ್ಲೇ. 26.03.05 ಅಂತಿದ್ದರೆ ಅದು 2026ರ ಮಾರ್ಚ್ 5. ನಮ್ಮ ಲೆಕ್ಕದಲ್ಲಿ ಓದಿದರೆ 2005ನೇ ಇಸವಿಯ ನೂಡಲ್ಸ್ ಆಗುತ್ತದೆ. ಹಿಂದೆ ‘ಕ್ಕಾಜಿ’ ಅಂತ ಇದ್ದರೆ ‘ವರೆಗೆ’ ಅಂತ ಅರ್ಥ, ಅಲ್ಲಿಯವರೆಗೆ ತಿನ್ನಬಹುದು.

‘ಮೇ ತಿಂಗಳಲ್ಲಿ’, ‘ಮಾರ್ಚ್‌ನಿಂದ ಮೇವರೆಗೆ’ – ಇದಕ್ಕೆ ಏನು ಸೇರಿಸ್ಬೇಕು?

ಕನ್ನಡದ ಹಾಗೇ ಹಿಂದೆ ಪ್ರತ್ಯಯ ಅಂಟಿಸಿ. ‘ಅಲ್ಲಿ’ಗೆ ‘ಎ’. ಓವೊಲ್ ಇದ್ದದ್ದು ಓವೊರೆ, ಇಲ್ಲೂ ಲ ರ ಆಯಿತು. ‘ಇಂದ’ಗೆ ಬುಥೊ, ‘ವರೆಗೆ’ಗೆ ಕ್ಕಾಜಿ. ಸಾಮ್ವೊಲ್‌ಬುಥೊ ಓವೊಲ್‌ಕ್ಕಾಜಿ ಅಂದರೆ ಮಾರ್ಚ್‌ನಿಂದ ಮೇವರೆಗೆ. ಪದಗಳ ಕ್ರಮವೂ ನಮ್ಮದೇ. ಕನ್ನಡದಲ್ಲಿ ಯೋಚಿಸಿ, ಪದ ಮಾತ್ರ ಬದಲಿಸಿ. ನಡುವೆ ಇಂಗ್ಲಿಷಿಗೆ ಹೋಗಿ ಬಂದರೆ ದಾರಿ ದೂರ.

‘ನಿನ್ನ ಹುಟ್ಟಿದ ದಿನ ಯಾವಾಗ?’ ಅಂತ ಕೇಳೋದು ಹೇಗೆ?

‘ಸೇಙಿರಿ ಮ್ಯೊದ್ವೊಲ್ ಮ್ಯೊಛಿರಿಯೇಯೋ?’ ಹುಟ್ಟುಹಬ್ಬ ಎಷ್ಟನೇ ತಿಂಗಳು, ಎಷ್ಟನೇ ತಾರೀಕು ಅಂತ. ಒಂದನೇ ಕ್ಲಾಸಿನಿಂದ ಸುಮ್ನೆ ಬರೆದು ಬರೆದು ಬಂದ ‘ಙ’ ಕೊನೆಗೂ ಒಂದು ಕೆಲಸಕ್ಕೆ ಬಂತು ನೋಡಿ.

‘ಎಷ್ಟು’ ಅನ್ನುವ ಪದ ಮ್ಯೊತ್. ಅದು ವೊಲ್ ಜೊತೆ ಸೇರಿ ಮ್ಯೊದ್ವೊಲ್ ಆಗುತ್ತದೆ, ತ ಹೋಗಿ ದ. ಆದರೆ ‘ಎಷ್ಟನೇ ತಾರೀಕು’ ಮಾತ್ರ ಮ್ಯೊಛಿಲ್. ಒಂದೇ ಪದವಾಗಿ ಹಾಗೇ ಕಲಿಯಿರಿ, ಬಿಡಿಸಲು ಹೋಗಬೇಡಿ. ಕೊರಿಯನ್ ಮಕ್ಕಳೂ ಇದರ ಕಾಗುಣಿತ ತಪ್ಪುತ್ತಾರೆ.

ಅಭ್ಯಾಸಕ್ಕೆ ಏನು ಮಾಡ್ಲಿ? ಬೋರ್ ಆಗದ ಹಾಗೆ ಹೇಳಿ

ಈ ಪ್ರಶ್ನೆ ಕೇಳುವ ಹತ್ತರಲ್ಲಿ ಎಂಟು ಜನ ಕೊರಿಯಾದ ಹಾಡುಗಾರರ ಗುಂಪು ಬಿಟಿಎಸ್‌ನ ಅಭಿಮಾನಿಗಳು, ಆದ್ದರಿಂದ ಉತ್ತರ ನಿಮ್ಮ ಹತ್ತಿರವೇ ಇದೆ. ಏಳು ಜನರ ಹುಟ್ಟುಹಬ್ಬ ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಕೊರಿಯನ್‌ನಲ್ಲಿ ಹೇಳಿ ನೋಡಿ. ಜಂಗ್‌ಕುಕ್ ಸೆಪ್ಟೆಂಬರ್ 1, ಗುವೊಲ್ ಇರಿಲ್. ಜಿಮಿನ್ ಅಕ್ಟೋಬರ್ 13, ಶಿವೊಲ್ ಶಿಪ್‌ಸಾಮಿಲ್. ಜಿನ್ ಡಿಸೆಂಬರ್ 4, ಶಿಬಿವೊಲ್ ಸಾಇಲ್. ವಿ ಡಿಸೆಂಬರ್ 30, ಶಿಬಿವೊಲ್ ಸಾಮ್‌ಶಿಬಿಲ್. ಜೇ-ಹೋಪ್ ಫೆಬ್ರವರಿ 18, ಇವೊಲ್ ಶಿಪ್‌ಫಾರಿಲ್. ಆದರೆ 18 ಅನ್ನುವ ಅಂಕಿಯನ್ನು ಬರೀ ‘ಶಿಪ್‌ಫಾಲ್’ ಅಂತ ಒತ್ತಿ ಹೇಳಬೇಡಿ, ಕೊರಿಯನ್ನರ ಕಿವಿಗೆ ಒಂದು ಕೆಟ್ಟ ಬೈಗುಳದ ಹತ್ತಿರ ಬರುತ್ತದೆ. ಅವರೇ ಅದನ್ನಿಟ್ಟುಕೊಂಡು ನಗುತ್ತಾರೆ.

ಗುಂಪಿನಲ್ಲಿ ಯಾರೂ ಜೂನಿನಲ್ಲಿ ಹುಟ್ಟಿಲ್ಲ. ಪರವಾಗಿಲ್ಲ, ಗುಂಪು ಶುರುವಾದದ್ದೇ 2013ರ ಜೂನ್ 13ಕ್ಕೆ. ಯುವೊಲ್ ಶಿಪ್‌ಸಾಮಿಲ್.

## ಸ್ವಲ್ಪ ಮುಂದೆ ಹೋದವರಿಗೆ

‘ಮೂರು ತಿಂಗಳಿಂದ ಕಲೀತಿದ್ದೀನಿ’ ಅನ್ನೋಕೆ ಸಾಮ್ವೊಲ್ ಅಂದ್ರೆ ಸಾಲದಾ?

ಸಾಲದು. ಸಾಮ್ವೊಲ್ ಅಂದರೆ ಮಾರ್ಚ್, ಮೂರು ತಿಂಗಳ ಅವಧಿ ಅಲ್ಲ. ನಾನೇ ಶುರುವಿನಲ್ಲಿ ಒಬ್ಬ ಕೊರಿಯನ್ ಗೆಳತಿಗೆ ‘ಸಾಮ್ವೊಲ್ ದೋಙಾನ್’ ಕಲಿತೆ ಅಂದೆ. ಮೂರು ತಿಂಗಳಲ್ಲಿ ಇಷ್ಟೇನಾ ಅಂತ ಅವಳು ಬೇಸರ ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದರೆ, ‘ಮಾರ್ಚ್ ಒಂದೇ ತಿಂಗಳಲ್ಲಿ ಇಷ್ಟು ಕಲಿತೆಯಾ!’ ಅಂತ ಹುಬ್ಬೇರಿಸಿದಳು. ತಿದ್ದಲು ಮನಸ್ಸಾಗಲಿಲ್ಲ.

ಅವಧಿಗೆ ಎರಡು ದಾರಿ. ಚೀನೀ ಅಂಕಿಯ ಜೊತೆ ‘ಗೇವೊಲ್’: ಇಲ್ ಗೇವೊಲ್, ಇ ಗೇವೊಲ್, ಸಾಮ್ ಗೇವೊಲ್. ಸ್ವಂತ ಅಂಕಿಯ ಜೊತೆ ‘ದಾಲ್’: ಹಾನ್ ದಾಲ್, ದು ದಾಲ್, ಸೊಕ್ ದಾಲ್, ನೊಕ್ ದಾಲ್. ಮೂರು, ನಾಲ್ಕು ಇಲ್ಲಿ ರೂಪ ಬದಲಿಸುತ್ತವೆ, ಹಾಗೇ ನೆನಪಿಡಿ. ಮಾತಿನಲ್ಲಿ ಒಂದೆರಡು ತಿಂಗಳಿಗೆ ದಾಲ್ ಜಾಸ್ತಿ. ಬಾಡಿಗೆ ಕರಾರು, ಕೋರ್ಸ್, ಕೂಸಿನ ವಯಸ್ಸು ಹೇಳುವಾಗ ಗೇವೊಲ್ ಜಾಸ್ತಿ. ಡ್ರಾಮಾದಲ್ಲಿ ಕಥೆ ಜಿಗಿದಾಗ ತೆರೆಯ ಮೇಲೆ ‘ಮೂರು ತಿಂಗಳ ನಂತರ’ ಅಂತ ಬರುತ್ತದಲ್ಲ, ಅದು ‘ಸಾಮ್ ಗೇವೊಲ್ ಹು’. ಮುಂದಿನ ಸಲ ಅಲ್ಲಿ ಸಬ್‌ಟೈಟಲ್ ಮುಚ್ಚಿ ಓದಿ.

ಈ ತಿಂಗಳು, ಹೋದ ತಿಂಗಳು, ಬರೋ ತಿಂಗಳು?

ಇಬೊನ್ ದಾಲ್, ಜಿನಾನ್‌ದಾಲ್, ದಾಉಮ್ ದಾಲ್. ಮೂರಕ್ಕೂ ದಾಲ್. ಜಿನಾನ್‌ದಾಲ್ ಮಾತ್ರ ಕೂಡಿಸಿ ಬರೆಯುತ್ತಾರೆ, ಉಳಿದೆರಡನ್ನು ಬಿಡಿಸಿ. ಯಾಕೆ ಅಂದರೆ ನಿಘಂಟು ಹಾಗೆ ಹೇಳುತ್ತದೆ, ಅಷ್ಟೆ.

ತಿಂಗಳಿಗೆ ಒಂದು ಅಡ್ಡಹೆಸರು ಕೊಡುವಾಗಲೂ ದಾಲ್ ಬರುತ್ತದೆ. ಮೇ ತಿಂಗಳನ್ನು ‘ಗಾಜೊಙೆ ದಾಲ್’, ಅಂದರೆ ಕುಟುಂಬದ ತಿಂಗಳು ಅನ್ನುತ್ತಾರೆ. 5ಕ್ಕೆ ಮಕ್ಕಳ ದಿನ, 8ಕ್ಕೆ ಅಪ್ಪ-ಅಮ್ಮಂದಿರ ದಿನ, 15ಕ್ಕೆ ಗುರುಗಳ ದಿನ. ಸಂಬಳದ ಅರ್ಧ ಉಡುಗೊರೆಗೇ ಹೋಗುತ್ತದೆ ಅಂತ ಅವರ ಗೋಳು.

ಸಂಬಳ ಅಂದಾಗ ಮತ್ತೆ ವೊಲ್ ಬರುತ್ತದೆ: ತಿಂಗಳ ಸಂಬಳ ವೊಲ್‌ಗುಪ್, ತಿಂಗಳ ಬಾಡಿಗೆ ವೊಲ್‌ಸೆ, ತಿಂಗಳ ಕೊನೆ ವೊಲ್‌ಮಾಲ್. ಸೋಮವಾರ ವೊರ್ಯೋಇಲ್, ಚಂದ್ರನ ವಾರ. ನಮ್ಮ ಸೋಮನೂ ಚಂದ್ರನೇ ತಾನೆ.

6·25 ಅನ್ನೋದನ್ನ ‘ಯುಗಿಓ’ ಅಂತ ಓದ್ತಾರೆ. ಇಲ್ಲಿ ವೊಲ್ ಎಲ್ಲಿ ಹೋಯ್ತು?

ಕೊರಿಯಾದ ಇತಿಹಾಸದಲ್ಲಿ ದೊಡ್ಡ ಘಟನೆಗಳಿಗೆ ದಿನಾಂಕವೇ ಹೆಸರು. 1950ರ ಜೂನ್ 25ಕ್ಕೆ ಶುರುವಾದ ಯುದ್ಧ ಯುಗಿಓ: ಆರು-ಎರಡು-ಐದು. 1960ರ ಏಪ್ರಿಲ್ 19ರ ವಿದ್ಯಾರ್ಥಿಗಳ ದಂಗೆ ಸಾಇಲ್‌ಗು. 1980ರ ಮೇ 18ರ ಗ್ವಾಂಗ್‌ಜು ಊರಿನ ಜನರ ದಂಗೆ ಓಇಲ್‌ಫಾಲ್. ವೊಲ್ ಇಲ್ಲ, ಇಲ್ ಇಲ್ಲ, ಬಿಡಿ ಅಂಕಿಗಳನ್ನು ಸಾಲಾಗಿ ಹೇಳುತ್ತಾರೆ. ಮುಂದೆ ವೊಲ್ ಇಲ್ಲದ ಕಾರಣ ಆರು ಮತ್ತೆ ಯುಕ್ ಆಗುತ್ತದೆ, ಮುಂದೆ ‘ಇ’ ಸಿಕ್ಕಿದ ಕೂಡಲೇ ಅದರ ಕ ಗ ಆಗುತ್ತದೆ. ಆದರೆ 1987ರ ಜೂನಿನ ಪ್ರಜಾಪ್ರಭುತ್ವ ಹೋರಾಟವನ್ನು ತಿಂಗಳ ಹೆಸರಿನಿಂದ ಕರೆಯುತ್ತಾರೆ, ಅಲ್ಲಿ ಯುವೊಲ್. ಕೇಳಿಸಿಕೊಳ್ಳುವ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಮಾರ್ಚ್ 1ರ ರಜೆ ಸಾಮಿಲ್‌ಜೊಲ್ ಕೂಡ ಹೀಗೇ ಮೂರು-ಒಂದರ ಹಬ್ಬ, 1919ರಲ್ಲಿ ಜಪಾನಿನ ಆಳ್ವಿಕೆಯ ವಿರುದ್ಧ ಎದ್ದ ದಿನ. ಆಗಸ್ಟ್ 15 ನಮಗೂ ಅವರಿಗೂ ಒಂದೇ. ಅವರದು 1945, ನಮ್ಮದು 1947. ಅವರು ಅದನ್ನು ಗ್ವಾಙ್‌ಬೋಕ್‌ಜೊಲ್, ‘ಬೆಳಕು ಮರಳಿದ ದಿನ’ ಅನ್ನುತ್ತಾರೆ. ಫಾರ್ವೊಲ್ ಶಿಬೋಇಲ್ ಅಂತ ಒಮ್ಮೆ ಕಲಿತರೆ ಯಾವ ಕನ್ನಡಿಗನೂ ಮರೆಯುವ ದಿನಾಂಕವಲ್ಲ.

ಡ್ರಾಮಾದಲ್ಲಿ ಅಮ್ಮನ ಹುಟ್ಟುಹಬ್ಬ ಪ್ರತಿ ವರ್ಷ ಬೇರೆ ದಿನ ಬರುತ್ತಲ್ಲ, ಯಾಕೆ?

ಅಮ್ಮ ಪಂಚಾಂಗದ ಲೆಕ್ಕದಲ್ಲಿ ಹುಟ್ಟಿದವರು. ಕೊರಿಯಾ ಈಗಿನ ಕ್ಯಾಲೆಂಡರಿಗೆ ಬಂದದ್ದು 1896ರ ಜನವರಿ 1ರಂದು. ಅವರ ಹಳೆಯ ಲೆಕ್ಕದಲ್ಲಿ ಅದು 1895ರ ಹನ್ನೊಂದನೇ ತಿಂಗಳ 17ನೇ ದಿನವಾಗಿತ್ತು. ಆಫೀಸು, ಶಾಲೆ ಹೊಸದಕ್ಕೆ ಹೋದವು, ಹಬ್ಬ ಮತ್ತು ಹಿರಿಯರ ಹುಟ್ಟುಹಬ್ಬ ಹಳೆಯದರಲ್ಲೇ ಉಳಿದವು. ಚಂದ್ರನ ಲೆಕ್ಕ ಉಮ್‌ನ್ಯೊಕ್, ಸೂರ್ಯನ ಲೆಕ್ಕ ಯಾಙ್‌ನ್ಯೊಕ್. ವಯಸ್ಸಾದವರ ಹುಟ್ಟುಹಬ್ಬ ಕೇಳಿದರೆ ‘ಉಮ್‌ನ್ಯೊಕ್ಕೋ ಯಾಙ್‌ನ್ಯೊಕ್ಕೋ’ ಅಂತ ಮುಂದಿನ ಪ್ರಶ್ನೆ ಬರುವುದು ಮಾಮೂಲು. ನಮ್ಮ ಅಜ್ಜಿ ‘ಶ್ರಾವಣದಲ್ಲಿ, ನಾಗರಪಂಚಮಿ ಆದ ಎರಡು ದಿನಕ್ಕೆ’ ಅನ್ನುತ್ತಿದ್ದರಲ್ಲ, ಅದೇ.

ಗೊಂದಲ ಏನೆಂದರೆ ತಿಂಗಳ ಹೆಸರು ಎರಡೂ ಕಡೆ ಒಂದೇ. ಫಾರ್ವೊಲ್ ಅಂದರೆ ಆಗಸ್ಟೂ ಹೌದು, ಹಳೆಯ ಎಂಟನೇ ತಿಂಗಳೂ ಹೌದು. ಛುಸೊಕ್ ಹಬ್ಬ ಫಾರ್ವೊಲ್ 15ಕ್ಕೆ ಅಂದರೆ ಆಗಸ್ಟ್ 15 ಅಲ್ಲ, ಎಂಟನೇ ಚಂದ್ರಮಾಸದ ಹುಣ್ಣಿಮೆ. 2025ರಲ್ಲಿ ಅದು ಅಕ್ಟೋಬರ್ 6ಕ್ಕೆ ಬಂತು, ನಮ್ಮ ಸೀಗೆ ಹುಣ್ಣಿಮೆಯ ಹೊತ್ತಿಗೆ. ಸಾವೊಲ್ ಛೋಫಾಇಲ್ ಏಪ್ರಿಲ್ 8 ಅಲ್ಲ, ಬುದ್ಧ ಹುಟ್ಟಿದ ದಿನ, ಸಾಮಾನ್ಯವಾಗಿ ಮೇ ತಿಂಗಳಲ್ಲಿ ಬರುತ್ತದೆ.

ಅಲ್ಲೂ ಅಧಿಕ ಮಾಸ ಇದೆಯಾ?

ಇದೆ, ಯುನ್‌ದಾಲ್ ಅಂತ. ಕಾರಣವೂ ಅದೇ: ಚಂದ್ರನ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ, ವರ್ಷಕ್ಕೆ ಹನ್ನೊಂದು ದಿನ ಕಡಿಮೆ ಬೀಳುತ್ತದೆ, ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ತುರುಕಬೇಕು. ಲೆಕ್ಕ ಹಾಕುವ ಕ್ರಮ ಬೇರೆಯಾದ್ದರಿಂದ ಎರಡೂ ಕಡೆ ಒಂದೇ ಸಲ ಬರಬೇಕೆಂದಿಲ್ಲ. 2023ರಲ್ಲಿ ಅವರಿಗೆ ಎರಡನೇ ತಿಂಗಳು ಎರಡು ಸಲ ಬಂತು, ನಮಗೆ ಅಧಿಕ ಶ್ರಾವಣ. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ, ನಮಗೆ ಅಧಿಕವೇ ಇರಲಿಲ್ಲ. ಅದಕ್ಕೇ ಆ ವರ್ಷ ಛುಸೊಕ್ ಅಷ್ಟು ತಡವಾದದ್ದು.

ನಂಬಿಕೆ ಮಾತ್ರ ಚೆನ್ನಾಗಿದೆ. ಲೆಕ್ಕಕ್ಕೆ ಸಿಗದ ತಿಂಗಳು, ದೆವ್ವ-ದೇವರುಗಳ ಕಣ್ಣಿಗೆ ಬೀಳದ ತಿಂಗಳು ಅಂತ ಹಿರಿಯರ ಸಮಾಧಿ ಸ್ಥಳಾಂತರಿಸುವುದು, ಮುಂದೆ ಬೇಕಾಗುವ ಶವದ ಬಟ್ಟೆ ಹೊಲಿಸಿ ಇಡುವುದು ಇದರಲ್ಲೇ.

ಅವರಿಗೆ ಚೈತ್ರ, ವೈಶಾಖದ ಥರ ಸ್ವಂತ ಹೆಸರುಗಳು ಇರ್ಲೇ ಇಲ್ವಾ?

ಹಳೆಯ ಲೆಕ್ಕದ ಕೆಲವು ತಿಂಗಳಿಗೆ ಇವೆ. ಮೊದಲ ತಿಂಗಳು ಜೊಙ್ವೊಲ್. ಹನ್ನೊಂದನೆಯದು ದೋಙ್‌ಜಿತ್ತಾಲ್, ವರ್ಷದ ಅತಿ ಉದ್ದದ ರಾತ್ರಿ ಬೀಳುವ ತಿಂಗಳು. ಹನ್ನೆರಡನೆಯದು ಸೊತ್ತಾಲ್. ಈಗಿನವರು ಅಚ್ಚ ಕೊರಿಯನ್‌ನಲ್ಲಿ ಹನ್ನೆರಡು ಹೊಸ ಹೆಸರು ಕಟ್ಟಿದ್ದಾರೆ. ಜನವರಿಗೆ ‘ಹೇಒರುಮ್‌ದಾಲ್’, ಸೂರ್ಯ ಏರುವ ತಿಂಗಳು. ಏಪ್ರಿಲ್‌ಗೆ ‘ಇಪ್‌ಸೇದಾಲ್’, ಎಲೆಯ ತಿಂಗಳು. ಡಿಸೆಂಬರ್‌ಗೆ ‘ಮೇದುಪ್‌ದಾಲ್’, ಗಂಟು ಹಾಕುವ ತಿಂಗಳು. ಚಂದ ಇವೆ, ಕೆಲವು ಕ್ಯಾಲೆಂಡರುಗಳಲ್ಲಿ ಅಚ್ಚಾಗುತ್ತವೆ. ಅಂಗಡಿಯಲ್ಲಿ ಹೇಳಿದರೆ ಮಾತ್ರ ಯಾರಿಗೂ ಅರ್ಥವಾಗುವುದಿಲ್ಲ.

‘ಓನ್ಯುವೊಲ್’ ಅಂತ ಒಂದು ಪದ ಕೇಳಿದೆ. ಅದ್ಯಾವ ತಿಂಗಳು?

ಓವೊಲ್ ಮತ್ತು ಯುವೊಲ್ ಎರಡೂ ಸೇರಿ: ಹಳೆಯ ಲೆಕ್ಕದ ಐದನೇ-ಆರನೇ ತಿಂಗಳು, ಕಡು ಬೇಸಿಗೆ. ನಡುವಿನ ‘ನ್’ ಮತ್ತೆ ರೂಢಿಯ ಉಚ್ಚಾರಣೆಯ ಉಡುಗೊರೆ, ಹಿಂದೆ ಹೇಳಿದ 52ನೇ ನಿಯಮದಲ್ಲಿ ಇದೂ ಇದೆ. ಗಾದೆಗಳಲ್ಲಿ ಜಾಸ್ತಿ ಸಿಗುತ್ತದೆ. ‘ಓನ್ಯುವೊಲ್ ನೆಗಡಿ ನಾಯಿಗೂ ಬರುವುದಿಲ್ಲ’ ಅನ್ನುತ್ತಾರೆ, ಬೇಸಿಗೆಯಲ್ಲಿ ಮೂಗು ಸುರಿಸುವವರನ್ನು ಗೇಲಿ ಮಾಡಲು. ‘ಹೆಣ್ಣು ಮನಸ್ಸಿನಲ್ಲಿ ನೋವು ಇಟ್ಟುಕೊಂಡರೆ ಓನ್ಯುವೊಲ್‌ನಲ್ಲೂ ಇಬ್ಬನಿ ಹೆಪ್ಪುಗಟ್ಟುತ್ತದೆ’ ಅಂತ ಇನ್ನೊಂದು. ಸೇಡಿನ ಡ್ರಾಮಾ ನೋಡುವವರಿಗೆ ಈ ಎರಡನೆಯದು ಬೇಗ ಕಿವಿಗೆ ಬೀಳುತ್ತದೆ.

ದಿನ ಎಣಿಸೋಕೆ ‘ಸಾಹುಲ್’ ಅಂದ್ರೆ ನಾಲ್ಕು ದಿನ ಅಲ್ವಾ? ಸಾ ಅಂದ್ರೆ ನಾಲ್ಕು ತಾನೆ?

ಮೂರು ದಿನ. ಒಂದು ದಿನ ಹಾರು, ಎರಡು ಇಥುಲ್, ಮೂರು ಸಾಹುಲ್, ನಾಲ್ಕು ನಾಹುಲ್. ಇದು ಅಚ್ಚ ಕೊರಿಯನ್ ಪದ, ಇದರ ‘ಸಾ’ಗೂ ಚೀನೀ ಅಂಕಿ ನಾಲ್ಕಕ್ಕೂ ಸಂಬಂಧವಿಲ್ಲ. ಆದರೆ ನೀವು ಒಬ್ಬರೇ ಎಡವಿದ್ದಲ್ಲ. 2020ರಲ್ಲಿ ಅಲ್ಲಿನ ಸರ್ಕಾರ ಆಗಸ್ಟ್ 17ಕ್ಕೆ ಹೆಚ್ಚುವರಿ ರಜೆ ಕೊಟ್ಟು, 15ರಿಂದ ಸಾಹುಲ್ ರಜೆ ಅಂತ ಸುದ್ದಿ ಬಂದಾಗ, ಮೂರು ದಿನಕ್ಕೆ ನಾಲ್ಕು ಅಂತ ಯಾಕೆ ಬರೆದಿದ್ದಾರೆ ಅಂತ ಕೊರಿಯನ್ ಹುಡುಗರೇ ಜಗಳಕ್ಕೆ ನಿಂತರು. ಆ ದಿನ ಅಲ್ಲಿ ಅತಿ ಹೆಚ್ಚು ಹುಡುಕಿದ ಪದಗಳಲ್ಲಿ ‘ಸಾಹುಲ್’ ಮೇಲೆ ಬಂದಿತ್ತು.